ಡ್ಯಾಂಗೊಂದು ಊರುಗೋಲು: ಆಲ್ಪ್ಸ್‌ನ ಬಿರುಕು ಹೇಳುವ ರಿಪೇರಿ ಲೆಕ್ಕ

ಸ್ವಿಟ್ಜರ್‌ಲೆಂಡಿನ ಗ್ರಿಮ್ಸೆಲ್ ಕಣಿವೆಯಲ್ಲಿ ಈಗ ಒಂದರ ಮುಂದೆ ಒಂದು, ಎರಡು ಡ್ಯಾಂಗಳಿವೆ. ಹಿಂದಿನದು 1932ರಲ್ಲಿ ಮುಗಿದದ್ದು. ಹೆಸರು ಸ್ಪಿಟಲ್‌ಲಾಮ್, ಎತ್ತರ 114 ಮೀಟರ್. ಮುಂದಿನದರ ಕೆಲಸ 2019ರಲ್ಲಿ ಶುರುವಾಗಿ 2025ರಲ್ಲಿ ಮುಗಿಯಿತು, ಎತ್ತರ ಹೆಚ್ಚೂ ಕಡಿಮೆ ಅಷ್ಟೇ. ಹಳೆಯದನ್ನು ಯಾರೂ ಒಡೆಯಲಿಲ್ಲ. ಅದರಲ್ಲಿ ತೂತು ಮಾಡಿ, ಎರಡೂ ಕಡೆ ನೀರು ನಿಲ್ಲುವಂತೆ ಬಿಟ್ಟು, ಇನ್ನು ಮುಂದೆ ನೀರೊಳಗೇ ನಿಂತಿರು ಅಂತ ನಿವೃತ್ತಿ ಕೊಟ್ಟರು.

ಹಳೆಯ ಗೋಡೆಗೆ ಆಗಿದ್ದೇನು? ಕೆರೆಯ ಕಡೆಯ ಮುಖಕ್ಕೆ ಒಳ್ಳೆಯ ಗುಣಮಟ್ಟದ ಕಾಂಕ್ರೀಟ್, ಹೊಟ್ಟೆಯೊಳಗೆ ಅಗ್ಗದ ಕಾಂಕ್ರೀಟ್ ಹಾಕಿ ಕಟ್ಟಿದ್ದರು. ಆ ಕಾಲದ ಪದ್ಧತಿಯೇ ಅದು. ದಶಕಗಳು ಕಳೆದಂತೆ ಮೇಲ್ಭಾಗದಲ್ಲಿ ಈ ಎರಡೂ ಪದರ ಬೇರೆಬೇರೆಯಾಗಿ ಬಿರುಕು ಬಿಟ್ಟಿತು. ನಾಳೆಯೇ ಡ್ಯಾಂ ಬೀಳುತ್ತದೆ ಅಂತ ಯಾರೂ ಹೇಳಿರಲಿಲ್ಲ. ಆದರೂ ಮಾಲೀಕ ಕಂಪನಿ ಕೂತು ಲೆಕ್ಕ ಹಾಕಿತು. ಹಳೆಯದನ್ನೇ ರಿಪೇರಿ ಮಾಡಬೇಕೆಂದರೆ ಕೆರೆಯನ್ನು ವರ್ಷಗಟ್ಟಲೆ ಇಳಿಸಬೇಕು, ಅಷ್ಟು ದಿನ ಕರೆಂಟ್ ಉತ್ಪಾದನೆ ನಷ್ಟ. ಮುಂದೆ ಹೊಸದನ್ನೇ ಕಟ್ಟಿದರೆ ಹಳೆಯದು ಕೆಲಸ ಮಾಡುತ್ತಲೇ ಇರುತ್ತದೆ. ಹಾಗಾಗಿ ಸುಮಾರು 12.5 ಕೋಟಿ ಫ್ರಾಂಕ್ ಸುರಿದು ಹೊಸ ಗೋಡೆ ಎಬ್ಬಿಸಿದರು.

ಇದನ್ನು ಓದುವಾಗ ನಮ್ಮ ತುಂಗಭದ್ರಾ ನೆನಪಾಗದಿರಲು ಸಾಧ್ಯವಿಲ್ಲ. ಅಲ್ಲಿಗೆ ಕೊನೆಯಲ್ಲಿ ಬರೋಣ. ಮೊದಲು ಬೆಟ್ಟದ ಮೇಲಿನ ಕಮಾನು ಡ್ಯಾಂಗಳ ರಿಪೇರಿ ಕಥೆ ನೋಡೋಣ. ರಿಪೇರಿ ಅಂದರೆ ಸಿಮೆಂಟ್ ಬಳಿಯುವ ಕೆಲಸ ಅಂತ ನಾವು ಅಂದುಕೊಂಡಿದ್ದೇವಲ್ಲ, ಆ ಭ್ರಮೆ ಅಲ್ಲೇ ಒಡೆಯುತ್ತದೆ.

ಮಲಗಿಸಿದ ಕಮಾನು

ಕೆಆರ್‌ಎಸ್, ತುಂಗಭದ್ರಾ, ಸೂಪಾ ಎಲ್ಲವೂ ತಮ್ಮ ಭಾರದಿಂದಲೇ ನಿಲ್ಲುವ ಡ್ಯಾಂಗಳು. ನೀರು ಎಷ್ಟೇ ತಳ್ಳಿದರೂ ನಾನು ಅಲುಗಾಡಲ್ಲ ಅಂತ ಕೂತಿರುವ ದಪ್ಪ ಗೋಡೆಗಳು. ಕಮಾನು ಡ್ಯಾಂ ಹಾಗಲ್ಲ. ಹಳೆಯ ಕಲ್ಲು ಸೇತುವೆಯ ಕಮಾನನ್ನು ಮಲಗಿಸಿ, ಉಬ್ಬಿದ ಬೆನ್ನನ್ನು ನೀರಿನ ಕಡೆಗೆ ತಿರುಗಿಸಿದರೆ ಹೇಗೋ ಹಾಗೆ. ನೀರು ತಳ್ಳಿದಷ್ಟೂ ಕಮಾನು ಬಿಗಿಯಾಗಿ, ಆ ಒತ್ತಡವನ್ನು ಎಡ-ಬಲದ ಬೆಟ್ಟಗಳಿಗೆ ದಾಟಿಸುತ್ತದೆ. ಅದಕ್ಕೇ ಅದು ತೆಳ್ಳಗಿದ್ದರೂ ನಡೆಯುತ್ತದೆ, ಕಾಂಕ್ರೀಟ್ ಖರ್ಚೂ ಕಡಿಮೆ.

ಕಾಲೇಜಿನ ಲ್ಯಾಬಿನಲ್ಲಿ ನಾವೆಲ್ಲ ಕಾಂಕ್ರೀಟ್ ಕ್ಯೂಬ್ ಎರಕ ಹೊಯ್ದು, 28 ದಿನ ನೀರಲ್ಲಿಟ್ಟು, ಮೆಷಿನ್ನಿನಲ್ಲಿ ಒತ್ತಿ ಒಡೆದವರೇ. ಒತ್ತಿದರೆ ಕಾಂಕ್ರೀಟ್ ಭಾರೀ ಗಟ್ಟಿ, ಎಳೆದರೆ ಅದರ ಶಕ್ತಿ ಹತ್ತರಲ್ಲಿ ಒಂದು ಪಾಲೂ ಉಳಿಯುವುದು ಕಷ್ಟ. ಕಮಾನು ಡ್ಯಾಂನ ಇಡೀ ಬುದ್ಧಿವಂತಿಕೆ ಇರುವುದು ಕಾಂಕ್ರೀಟನ್ನು ಯಾವಾಗಲೂ ಒತ್ತಡದಲ್ಲೇ ಇಡುವುದರಲ್ಲಿ. ಎಲ್ಲಾದರೂ ಒಂದು ಕಡೆ ಎಳೆತ ಶುರುವಾಯಿತೋ, ಅಲ್ಲಿ ಬಿರುಕು ಬಂತು ಅಂತಲೇ ಅರ್ಥ.

ಇನ್ನೊಂದು ವಿಷಯ. ಇಲ್ಲಿ ಡ್ಯಾಂ ಅಂದರೆ ಬರೀ ಕಾಂಕ್ರೀಟ್ ಅಲ್ಲ, ಎರಡೂ ಬದಿಯ ಬೆಟ್ಟವೂ ಡ್ಯಾಂನ ಭಾಗವೇ. ಫ್ರಾನ್ಸಿನ ಮಾಲ್ಪಾಸೆಯಲ್ಲಿ 1959ರ ಡಿಸೆಂಬರ್ 2ರ ರಾತ್ರಿ ತೆಳ್ಳನೆಯ ಕಮಾನು ಡ್ಯಾಂ ಒಡೆದು 400ಕ್ಕೂ ಹೆಚ್ಚು ಜನ ಸತ್ತರು. ಅಲ್ಲಿ ಸೋತಿದ್ದು ಕಾಂಕ್ರೀಟ್ ಅಲ್ಲ, ಎಡಬದಿಯ ಬಂಡೆ.

ಕೋಲ್ನ್‌ಬ್ರೈನ್: ಕಟ್ಟಿದ ಮರುವರ್ಷವೇ ಬಿರುಕು

ಡ್ಯಾಂ ರಿಪೇರಿ ಅಂದರೆ ನಾನು ಯಾರಿಗೇ ಆದರೂ ಮೊದಲು ಹೇಳುವ ಕಥೆ ಆಸ್ಟ್ರಿಯಾದ ಕೋಲ್ನ್‌ಬ್ರೈನ್‌ನದು. ಕರಿಂಥಿಯಾ ಪ್ರಾಂತ್ಯದ ಮಾಲ್ಟಾ ಕಣಿವೆಯಲ್ಲಿ, ಸಮುದ್ರಮಟ್ಟದಿಂದ ಸುಮಾರು 1,900 ಮೀಟರ್ ಮೇಲೆ ನಿಂತಿರುವ ಕಮಾನು ಡ್ಯಾಂ ಇದು. ಎತ್ತರ 200 ಮೀಟರ್, ಅಂದರೆ ನಮ್ಮ ರಾಜ್ಯದ ಅತಿ ಎತ್ತರದ ಸೂಪಾ ಡ್ಯಾಂಗಿಂತ ಹತ್ತಿರ ಹತ್ತಿರ ಎರಡು ಪಟ್ಟು. ಮೇಲ್ತುದಿಯ ಉದ್ದ 626 ಮೀಟರ್. ಹಿಡಿಯುವ ನೀರು ನಮ್ಮ ಲೆಕ್ಕದಲ್ಲಿ ಸುಮಾರು 7 ಟಿಎಂಸಿ. 1971ರಲ್ಲಿ ಶುರುಮಾಡಿ 1977ರ ಹೊತ್ತಿಗೆ ಕಟ್ಟಿ ಮುಗಿಸಿದರು.

1978ರಲ್ಲಿ ನೀರು ತುಂಬಿಸುತ್ತಾ ಹೋದರು. ಇನ್ನೇನು ಹನ್ನೆರಡು ಮೀಟರ್ ಬಾಕಿ ಅನ್ನುವಷ್ಟರಲ್ಲಿ ಡ್ಯಾಂನ ಅಡಿಯಲ್ಲಿ ನೀರಿನ ಒತ್ತಡ ಒಮ್ಮೆಲೇ ಏರಿತು, ಒಳಗಿನ ಗ್ಯಾಲರಿಗೆ ನೀರು ನುಗ್ಗಿತು. ಸೋರಿಕೆ ಸೆಕೆಂಡಿಗೆ ಸುಮಾರು 200 ಲೀಟರ್ ಮುಟ್ಟಿತು. ಮನೆ ಮೇಲಿನ ಸಾವಿರ ಲೀಟರ್ ಟ್ಯಾಂಕ್ ಐದೇ ಸೆಕೆಂಡಿಗೆ ತುಂಬುವಷ್ಟು. ನೀರು ಇಳಿಸಿ ನೋಡಿದರೆ ಕೆರೆಯ ಕಡೆ, ಗೋಡೆಯ ಹಿಮ್ಮಡಿಯ ಭಾಗದಲ್ಲಿ ಬಿರುಕು.

ಯಾಕೆ ಹೀಗಾಯ್ತು? ಮಾಲ್ಟಾ ಕಣಿವೆ ಕಿರಿದಲ್ಲ, ಅಗಲವಾದದ್ದು. ಹಿಮನದಿ ಕೊರೆದ ಕಣಿವೆಗಳು ಬಾಣಲೆಯ ಹಾಗೆ ತಳದಲ್ಲೂ ಅಗಲವಾಗಿರುತ್ತವೆ. ಇಂಥ ಕಡೆ ಕಮಾನು ಬೆಟ್ಟಕ್ಕೆ ಪೂರ್ತಿ ಭಾರ ದಾಟಿಸಲು ಆಗುವುದಿಲ್ಲ. ನಡುಭಾಗದ ಗೋಡೆ ನೆಲದಲ್ಲಿ ನೆಟ್ಟ ಕಂಬದ ಹಾಗೆ ಬಾಗಿ ಆ ಭಾರ ಹೊರಬೇಕಾಗುತ್ತದೆ. 200 ಮೀಟರ್ ಆಳದಲ್ಲಿ ಒಂದೊಂದು ಚದರ ಮೀಟರ್ ಮೇಲೂ 200 ಟನ್ ಒತ್ತಡ. ಗೋಡೆ ಕೆಳಕಣಿವೆಯ ಕಡೆಗೆ ಬಾಗಿದಾಗ ಹಿಮ್ಮಡಿ ಮೇಲೇಳಲು ನೋಡುತ್ತದೆ. ಅಂದರೆ ಎಳೆತ. ಎಳೆತ ಬಂದಲ್ಲಿ ಬಿರುಕು, ಬಿರುಕು ಬಂದಲ್ಲಿ ನೀರು, ನೀರು ಹೊಕ್ಕಲ್ಲಿ ಇನ್ನಷ್ಟು ಒತ್ತಡ. ಅಷ್ಟು ದೊಡ್ಡ ಒತ್ತಡಕ್ಕೆ ಬುಡ ತೆಳ್ಳಗಾಗಿಬಿಟ್ಟಿತ್ತು.

ಮೊದಲ ರಿಪೇರಿಗೆ ಅವರು ಏನೇನು ಮಾಡಿದರು ನೋಡಿ. ಬಿರುಕಿಗೆ ಗ್ರೌಟಿಂಗ್ ಮಾಡಿದರು. ಅಡಿಪಾಯದ ಬಂಡೆಯೊಳಗೆ ಪೈಪ್ ಇಳಿಸಿ, ಅಲ್ಲಿನ ನೀರನ್ನೇ ಹೆಪ್ಪುಗಟ್ಟಿಸಿ ಮಂಜುಗಡ್ಡೆಯ ಪರದೆ ಮಾಡಿದರು. ಡ್ಯಾಂನ ಮುಂದೆ ಕೆರೆಯ ತಳದಲ್ಲಿ ಕಾಂಕ್ರೀಟ್ ಹಾಸು ಹಾಕಿ ನೀರು ಹೋಗದಂತೆ ಮುಚ್ಚಿದರು. ಒಂದಕ್ಕಿಂತ ಒಂದು ಜಾಣತನದ ಕೆಲಸ. ಸೋರಿಕೆ ಕಡಿಮೆ ಆಯಿತು, ಆದರೆ ಬಿರುಕು ನಿಲ್ಲಲಿಲ್ಲ.

ಇಲ್ಲಿದೆ ಪಾಠ. ಸೋರಿಕೆ ಜ್ವರ ಇದ್ದ ಹಾಗೆ. ಅದು ಲಕ್ಷಣ, ರೋಗವಲ್ಲ. ರೋಗ ಇದ್ದದ್ದು ಬುಡದ ಮೇಲೆ ಬೀಳುತ್ತಿದ್ದ ಬಲದಲ್ಲಿ. ನೀರು ತಡೆದರೆ ಬಲ ಕಡಿಮೆಯಾಗುವುದಿಲ್ಲವಲ್ಲ. ಜಗತ್ತಿನ ಒಳ್ಳೊಳ್ಳೆಯ ಇಂಜಿನಿಯರ್‌ಗಳಿಗೂ ಇದು ಅರ್ಥವಾಗಲು ವರ್ಷಗಳೇ ಹಿಡಿದವು.

ಕೊನೆಗೆ ಒಪ್ಪಿಗೆಯಾದದ್ದು ಸ್ವಿಟ್ಜರ್‌ಲೆಂಡಿನ ಜಿಯೋವಾನಿ ಲೊಂಬಾರ್ಡಿಯವರ ಯೋಜನೆ. ಡ್ಯಾಂಗೆ ಒಂದು ಊರುಗೋಲು ಕೊಡೋಣ ಅಂದರು. ಊರುಗೋಲು ಅಂದರೆ ಸಣ್ಣದಲ್ಲ. ಡ್ಯಾಂನ ಹಿಂದೆ, ಕೆಳಕಣಿವೆಯ ಕಡೆ ಸುಮಾರು 70 ಮೀಟರ್ ಎತ್ತರದ ಇನ್ನೊಂದು ಕಾಂಕ್ರೀಟ್ ಗೋಡೆ. ನಾಲ್ಕೂವರೆ ಲಕ್ಷ ಘನ ಮೀಟರ್‌ಗೂ ಹೆಚ್ಚು ಕಾಂಕ್ರೀಟ್. ಡ್ಯಾಂ ಬಾಗಿ ಬಂದಾಗ ಈ ಗೋಡೆಗೆ ಒರಗಿಕೊಳ್ಳಬೇಕು.

ಆದರೆ ಎರಡನ್ನೂ ಸೀದಾ ಅಂಟಿಸಿ ಕಟ್ಟುವ ಹಾಗಿಲ್ಲ. ಕೆರೆ ಖಾಲಿ ಇದ್ದಾಗ ಡ್ಯಾಂ ಹಿಂದಕ್ಕೆ ಸರಿಯುತ್ತದೆ, ತುಂಬಿದಾಗ ಮುಂದಕ್ಕೆ. ವರ್ಷಕ್ಕೊಮ್ಮೆ ಹೀಗೆ ಉಸಿರಾಡುವ ಗೋಡೆಯನ್ನು ಕಟ್ಟಿಹಾಕಿದರೆ ಇನ್ನೊಂದು ಕಡೆ ಸೀಳುತ್ತದೆ. ಅದಕ್ಕೇ ಎರಡರ ನಡುವೆ 600ಕ್ಕೂ ಹೆಚ್ಚು ರಬ್ಬರಿನಂಥ ದಿಂಬುಗಳನ್ನಿಟ್ಟರು. ಫ್ಲೈಓವರ್‌ಗಳ ಕಂಬದ ಮೇಲೆ ಬೇರಿಂಗ್ ಇಡ್ತಾರಲ್ಲ, ಅದೇ ಜಾತಿ. ಯಾವ ಸಾಲಿನ ದಿಂಬಿಗೆ ಎಷ್ಟು ಸಂದು ಬಿಡಬೇಕು ಅಂತ ಮೊದಲೇ ಹೊಂದಿಸಿದರು. ನೀರು ಕಡಿಮೆ ಇದ್ದಾಗ ಡ್ಯಾಂ ತನ್ನ ಪಾಡಿಗೆ ತಾನು ನಿಲ್ಲುತ್ತದೆ. ನೀರು ಏರಿದಂತೆಲ್ಲ ದಿಂಬುಗಳು ಒಂದೊಂದಾಗಿ ತಾಗುತ್ತಾ ಭಾರದಲ್ಲಿ ಒಂದು ಪಾಲನ್ನು ಊರುಗೋಲಿಗೆ ಕೊಡುತ್ತವೆ. 1989ರಲ್ಲಿ ಈ ಕೆಲಸ ಶುರುವಾಯಿತು, ಬಿರುಕುಗಳಿಗೆ ರಾಳ ತುಂಬುವುದೂ ಸೇರಿ ಎಲ್ಲ ಮುಗಿದದ್ದು 1994ರ ಹೊತ್ತಿಗೆ.

ಬಿರುಕು ಕಂಡಾಗಿನಿಂದ ಲೆಕ್ಕ ಹಾಕಿದರೆ ಹದಿನಾರು ವರ್ಷ. ಈಗ ಪ್ರವಾಸಿಗರು ಆ ಡ್ಯಾಂ ಮೇಲಿನ ಗಾಜಿನ ವೇದಿಕೆಯಲ್ಲಿ ನಿಂತು ಕೆಳಗೆ ನೋಡಿ ಹೌಹಾರಿ ಫೋಟೊ ತೆಗೆಸಿಕೊಳ್ಳುತ್ತಾರೆ. ಕಾಲ ಕೆಳಗೆ ಕಾಣುವ ಆ ದಪ್ಪ ಗೋಡೆ ಒಂದು ತಪ್ಪೊಪ್ಪಿಗೆ ಅಂತ ಎಷ್ಟು ಜನಕ್ಕೆ ಗೊತ್ತೋ.

ತೂಗುಗುಂಡು ಹೇಳಿದ ಸತ್ಯ

ಅದೇ 1978ರ ಡಿಸೆಂಬರಿನಲ್ಲಿ ಸ್ವಿಟ್ಜರ್‌ಲೆಂಡಿನ ತ್ಸಾಯ್ಸಿಯೆ ಎಂಬ ಕಮಾನು ಡ್ಯಾಂನಲ್ಲಿ ಇನ್ನೊಂದು ವಿಚಿತ್ರ ನಡೆಯಿತು. 156 ಮೀಟರ್ ಎತ್ತರ, ಇಪ್ಪತ್ತು ವರ್ಷ ಯಾವ ತಕರಾರೂ ಇಲ್ಲದೆ ನಿಂತಿದ್ದ ಗೋಡೆ. ಗಾರೆ ಕೆಲಸದವರು ಗೋಡೆ ನೆಟ್ಟಗಿದೆಯಾ ಅಂತ ನೋಡಲು ದಾರಕ್ಕೆ ಗುಂಡು ಕಟ್ಟಿ ಇಳಿಬಿಡ್ತಾರೆ ನೋಡಿ, ಅಂಥದ್ದೇ ವ್ಯವಸ್ಥೆ ದೊಡ್ಡ ಡ್ಯಾಂಗಳ ಒಳಗೂ ಇರುತ್ತದೆ. ಆ ತಂತಿಯ ಅಳತೆ ಎಂದಿನ ಹಾಗೆ ಬರಲಿಲ್ಲ. ಡ್ಯಾಂ ಹೋಗಬಾರದ ಕಡೆಗೆ ಸರಿಯುತ್ತಿತ್ತು.

ಕಾರಣ ಹುಡುಕಿದಾಗ ಸಿಕ್ಕಿದ್ದು ಸುಮಾರು ಒಂದೂವರೆ ಕಿಲೋಮೀಟರ್ ದೂರದಲ್ಲಿ! ಹೆದ್ದಾರಿ ಸುರಂಗಕ್ಕೆಂದು ಕೊರೆಯುತ್ತಿದ್ದ ಪರೀಕ್ಷಾ ಸುರಂಗವೊಂದು ಬೆಟ್ಟದೊಳಗಿನ ನೀರನ್ನು ಬಸಿಯುತ್ತಿತ್ತು. ನೀರು ಬಸಿದ ಬಂಡೆ ಕುಗ್ಗಿತು, ಕಣಿವೆಯ ಎರಡು ಬದಿಗಳು ಹತ್ತಿರ ಬಂದವು, ಡ್ಯಾಂ ಹತ್ತು ಸೆಂಟಿಮೀಟರ್‌ಗೂ ಹೆಚ್ಚು ಕುಸಿಯಿತು. ಕೆರೆ ಖಾಲಿ ಮಾಡಿದರು, ಬಿರುಕುಗಳಿಗೆ ಎಪಾಕ್ಸಿ ತುಂಬಿದರು, ವರ್ಷಗಟ್ಟಲೆ ಕಾದು ಮೆಲ್ಲಗೆ ಮತ್ತೆ ತುಂಬಿಸಿದರು. ಹೆದ್ದಾರಿ ಸುರಂಗ ಮಾತ್ರ ಕೊನೆಗೂ ಆಗಲೇ ಇಲ್ಲ.

ಕೆಆರ್‌ಎಸ್ ಸುತ್ತ ಗಣಿ ಸ್ಫೋಟ ಬೇಡ ಅಂತ ಮಂಡ್ಯದ ರೈತರು ಕೂಗಿದಾಗ, ಅಷ್ಟು ದೂರದ ಸ್ಫೋಟದಿಂದ ಏನಾಗುತ್ತೆ ಅಂತ ನಕ್ಕವರಿದ್ದರು. ಕೆಆರ್‌ಎಸ್ ಕಮಾನು ಡ್ಯಾಂ ಅಲ್ಲ, ಸುರಂಗದಿಂದ ನೀರು ಬಸಿಯುವುದೂ ಸ್ಫೋಟದ ಕಂಪನವೂ ಒಂದೇ ಅಲ್ಲ. ಆದರೆ ಡ್ಯಾಂನ ಎಲ್ಲೆ ಅದರ ಕಾಂಪೌಂಡಿಗೆ ಮುಗಿಯುವುದಿಲ್ಲ ಎಂಬ ಮಾತು ಎರಡೂ ಕಡೆ ನಿಜ. 2024ರ ಜನವರಿಯಲ್ಲಿ ಹೈಕೋರ್ಟ್ ಸುರಕ್ಷತಾ ಅಧ್ಯಯನ ಮುಗಿಯುವ ತನಕ 20 ಕಿಲೋಮೀಟರ್ ಸುತ್ತ ಗಣಿಗಾರಿಕೆ ಬೇಡ ಅಂದದ್ದರ ಹಿಂದಿನ ಎಚ್ಚರಿಕೆಯೂ ಇದೇ.

ಇನ್ನೊಂದು ಕಾಯಿಲೆ ನಿಧಾನದ್ದು. ಕೆಲವು ಜಾತಿಯ ಕಲ್ಲಿನ ಸಿಲಿಕಾ ಮತ್ತು ಸಿಮೆಂಟಿನ ಕ್ಷಾರ ಸೇರಿ, ತೇವ ಸಿಕ್ಕರೆ ಉಬ್ಬುವ ಅಂಟು ಹುಟ್ಟುತ್ತದೆ. ಕಾಂಕ್ರೀಟ್ ಒಳಗಿಂದಲೇ ಬೆಳೆಯುತ್ತದೆ. ಬೆಳೆಯಲು ಜಾಗವಿಲ್ಲದ ಕಮಾನು ಬಿರಿಯುತ್ತದೆ. ನಮ್ಮ ದೇಶದ ಹಿರಾಕುಡ್, ರಿಹಂದ್ ಡ್ಯಾಂಗಳಲ್ಲೂ ಈ ಕಾಯಿಲೆ ದಾಖಲಾಗಿದೆ. ಪೂರ್ತಿ ಗುಣಪಡಿಸುವ ಮದ್ದಿಲ್ಲ. ಇಟಲಿಯ ಪಿಯಾನ್ ತೆಲೆಸ್ಸಿಯೊ ಡ್ಯಾಂನಲ್ಲಿ 2008ರಲ್ಲಿ ಗೋಡೆಯನ್ನು ಮೇಲಿಂದ ಕೆಳಕ್ಕೆ ಅಲ್ಲಲ್ಲಿ ಸೀಳಿ, ಉಬ್ಬಲು ಜಾಗ ಮಾಡಿಕೊಟ್ಟರು. ಸೀಳಿದ್ದು ಯಾವುದರಿಂದ ಗೊತ್ತಾ? ನಮ್ಮ ಗ್ರಾನೈಟ್ ಕ್ವಾರಿಗಳಲ್ಲಿ ಬಂಡೆ ಕೊಯ್ಯುವ ಡೈಮಂಡ್ ವೈರ್ ಇದೆಯಲ್ಲ, ಅದೇ ತರಹದ್ದರಿಂದ.

ತಂತ್ರಜ್ಞಾನ ಸಲೀಸು, ಖಾಲಿ ಮಾಡುವುದೇ ಕಷ್ಟ

ಈ ಕಥೆಗಳಲ್ಲೆಲ್ಲ ಸಮಾನವಾದ ಮೂರು ಸಂಗತಿಗಳಿವೆ.

ಒಂದು, ತೊಂದರೆ ಮೊದಲು ಗೊತ್ತಾದದ್ದು ಅಳತೆಯಿಂದ. ಕಣ್ಣಿಗೆ ಕಾಣುವ ಮೊದಲೇ ತಂತಿ, ಒತ್ತಡದ ಮೀಟರ್, ಸೋರಿಕೆಯ ಲೆಕ್ಕ ಹೇಳಿದವು. ಅಳೆಯುವವನು ದಿನವೂ ಅಲ್ಲಿದ್ದ, ಅವನ ಮಾತನ್ನು ಮೇಲಿನವರು ಕೇಳಿದರು.

ಎರಡು, ನೀರು ಇಳಿಸಿದರು. ಇದು ಹೇಳಿದಷ್ಟು ಸುಲಭವಲ್ಲ. ಖಾಲಿ ಡ್ಯಾಂ ಅಂದರೆ ಪ್ರತಿದಿನ ನಷ್ಟ.

ಮೂರು, ಡ್ಯಾಂ ಕಟ್ಟಿದವರು, ನಡೆಸುವವರು, ಪರೀಕ್ಷಿಸುವವರು ಬೇರೆಬೇರೆ. ಸ್ವಿಟ್ಜರ್‌ಲೆಂಡಿನಲ್ಲಿ ದೊಡ್ಡ ಡ್ಯಾಂಗಳನ್ನು ಐದು ವರ್ಷಕ್ಕೊಮ್ಮೆ ಹೊರಗಿನ ಇಂಜಿನಿಯರ್ ಮತ್ತು ಭೂವಿಜ್ಞಾನಿ ಬಂದು ಪರಿಶೀಲಿಸಬೇಕು. ಕೆಳಗಿನ ಊರುಗಳಲ್ಲಿ ನೀರಿನ ಅಪಾಯಕ್ಕೇ ಬೇರೆ ಸೈರನ್ ಇದೆ. ಪ್ರತಿ ಫೆಬ್ರುವರಿಯ ಮೊದಲ ಬುಧವಾರ ಅದನ್ನು ಮೊಳಗಿಸಿ ನೋಡುತ್ತಾರೆ. ಆ ಸದ್ದು ಕೇಳಿದರೆ ಯಾವ ದಿಕ್ಕಿಗೆ ಓಡಬೇಕು ಅಂತ ಶಾಲೆಯ ಮಕ್ಕಳಿಗೂ ಗೊತ್ತಿರಲಿ ಅಂತ.

ಇದಕ್ಕೊಂದು ನ್ಯಾಯವಾದ ಆಕ್ಷೇಪವಿದೆ. ಅವರಿಗೆ ದುಡ್ಡಿದೆ ಸ್ವಾಮಿ, ನಮಗೆಲ್ಲಿ? ದುಡ್ಡಿಗಿಂತಲೂ ದೊಡ್ಡ ವ್ಯತ್ಯಾಸ ಇನ್ನೊಂದಿದೆ. ಆಲ್ಪ್ಸ್‌ನ ಈ ಡ್ಯಾಂಗಳ ನೀರು ಮುಖ್ಯವಾಗಿ ಕರೆಂಟಿಗೆ. ಕೆರೆ ಖಾಲಿಯಾದರೆ ಕಂಪನಿಗೆ ನಷ್ಟ, ಬ್ಯಾಲೆನ್ಸ್ ಶೀಟಿನಲ್ಲಿ ಒಂದು ಸಾಲು. ನಮ್ಮಲ್ಲಿ ಡ್ಯಾಂ ಖಾಲಿಯಾದರೆ ಗಂಗಾವತಿಯ ಭತ್ತದ ಗದ್ದೆ ಒಣಗುತ್ತದೆ, ಊರಿನ ನಲ್ಲಿ ನಿಲ್ಲುತ್ತದೆ. ಇಲ್ಲಿ ರಿಪೇರಿಯ ನಿಜವಾದ ಬಿಲ್ ಹೋಗುವುದು ರೈತನ ಮನೆಗೆ.

ಅದಕ್ಕೇ ನಮ್ಮ ಅಧಿಕಾರಿಗಳು, ಮಂತ್ರಿಗಳು ರಿಪೇರಿಯನ್ನು ಮುಂದಕ್ಕೆ ಹಾಕುತ್ತಾರೆ. ಈ ವರ್ಷ ಮಳೆ ಚೆನ್ನಾಗಿದೆ, ಖಾಲಿ ಮಾಡೋದು ಹೇಗೆ? ಈ ವರ್ಷ ಮಳೆ ಇಲ್ಲ, ಇರೋ ನೀರನ್ನೂ ಬಿಡೋದಾ? ಮುಂದಿನ ವರ್ಷ ಚುನಾವಣೆ. ಹೀಗೆ.

ಹತ್ತೊಂಬತ್ತನೇ ಗೇಟ್

2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಡ್ಯಾಂನ 33 ಗೇಟ್‌ಗಳಲ್ಲಿ 19ನೆಯದರ ಚೈನ್ ತುಂಡಾಗಿ ಗೇಟೇ ಕೊಚ್ಚಿಹೋಯಿತು. ಡ್ಯಾಂ 1953ರದ್ದು. ತುಂಬಿದ್ದ ನೀರನ್ನು ಹೊಳೆಗೆ ಬಿಡುತ್ತಾ, ನಿವೃತ್ತ ಗೇಟ್ ತಜ್ಞ ಕನ್ನಯ್ಯ ನಾಯ್ಡು ಅವರ ನೇತೃತ್ವದಲ್ಲಿ ಹರಿಯುವ ನೀರಿನಲ್ಲೇ ಸ್ಟಾಪ್‌ಲಾಗ್ ಇಳಿಸಿ ಒಂದು ವಾರದೊಳಗೆ ಕಂಡಿ ಮುಚ್ಚಿದರು. ನಿಜಕ್ಕೂ ಸಾಹಸ. ಕಾರ್ಮಿಕರಿಗೆ ಸನ್ಮಾನ, ಟಿವಿಗಳಲ್ಲಿ ಜೈಕಾರ. ಅವರಿಗೆ ಅದು ಸಲ್ಲಬೇಕಾದ್ದೇ.

ಆದರೆ ಸಾಹಸ ಬೇಕಾಯಿತು ಅಂದರೆ ಅದಕ್ಕೆ ಮೊದಲು ಎಲ್ಲೋ ನಿತ್ಯದ ಕೆಲಸ ತಪ್ಪಿದೆ ಅಂತಲೇ ಅರ್ಥ. ಗೇಟಿನ ಆಯುಷ್ಯ ಗೋಡೆಯ ಆಯುಷ್ಯಕ್ಕಿಂತ ಕಡಿಮೆ. ಎಪ್ಪತ್ತು ವರ್ಷ ದಾಟಿದ ಕಬ್ಬಿಣ ತನ್ನ ವಯಸ್ಸು ಮುಚ್ಚಿಟ್ಟಿರಲಿಲ್ಲ. ಆಮೇಲೆ ಬಂದ ತಜ್ಞರು ಎಲ್ಲ 33 ಗೇಟ್‌ಗಳನ್ನೂ ಬದಲಿಸಿ ಅಂದರು. 2025ರ ಮಳೆಗಾಲದಲ್ಲಿ 105 ಟಿಎಂಸಿಯ ಡ್ಯಾಂನಲ್ಲಿ 80 ಟಿಎಂಸಿ ಆಸುಪಾಸಿಗೇ ನೀರು ಹಿಡಿದಿಡಬೇಕಾಯಿತು. ಗೇಟ್ ಬದಲಿಸಲು ನೀರು ಇಳಿಸಬೇಕು, ಹಾಗಾಗಿ ಎರಡನೇ ಬೆಳೆಗೆ ನೀರಿಲ್ಲ ಎಂಬ ತೀರ್ಮಾನ ಬಂತು. ರೈತರು ಪರಿಹಾರ ಕೇಳಿದರು.

ಈ ಪರಿಹಾರದ ಪ್ರಶ್ನೆಯನ್ನು ನಾವು ಬೇಡಿಕೆ, ಹೋರಾಟ, ಧರಣಿ ಎಂಬ ಖಾನೆಗೆ ಹಾಕಿಬಿಡುತ್ತೇವೆ. ಅಲ್ಲ. ಅದು ರಿಪೇರಿಯ ವೆಚ್ಚದ ಭಾಗ. ಗ್ರಿಮ್ಸೆಲ್‌ನಲ್ಲಿ ಕಂಪನಿ ಕಾಂಕ್ರೀಟಿನ ಬೆಲೆಯ ಜೊತೆಗೆ ನಿಂತುಹೋಗುವ ಕರೆಂಟಿನ ಬೆಲೆಯನ್ನೂ ಲೆಕ್ಕಕ್ಕೆ ತಗೊಂಡು ತೀರ್ಮಾನ ಮಾಡಿತು. ನಮ್ಮ ಎಸ್ಟಿಮೇಟ್‌ನಲ್ಲಿ ಸ್ಟೀಲ್ ಇರುತ್ತದೆ, ವೆಲ್ಡಿಂಗ್ ಇರುತ್ತದೆ, ಕ್ರೇನ್ ಬಾಡಿಗೆ ಇರುತ್ತದೆ. ಸಿಂಧನೂರಿನ ರೈತ ಕಳೆದುಕೊಳ್ಳುವ ಒಂದು ಬೆಳೆ ಮಾತ್ರ ಇರುವುದಿಲ್ಲ. ಅದು ಮೊದಲೇ ಲೆಕ್ಕದಲ್ಲಿದ್ದರೆ ಎರಡು ಲಾಭ. ರೈತ ರಿಪೇರಿಯನ್ನು ವಿರೋಧಿಸಬೇಕಾಗುವುದಿಲ್ಲ. ಸರ್ಕಾರಕ್ಕೂ ಒಂದೇ ಸಲ 33 ಗೇಟ್ ಅನ್ನುವ ಬದಲು, ವರ್ಷಕ್ಕೆ ಇಷ್ಟಿಷ್ಟು ಅಂತ ಬೇಸಿಗೆಯ ಖಾಲಿ ದಿನಗಳಲ್ಲಿ ಮಾಡುತ್ತಾ ಬಂದಿದ್ದರೆ ಎಷ್ಟು ಅಗ್ಗವಾಗುತ್ತಿತ್ತು ಅಂತ ಕಾಣುತ್ತದೆ.

ಕಾನೂನು ಇಲ್ಲ ಅಂತ ಹೇಳುವ ಹಾಗೂ ಇಲ್ಲ. 2021ರ ಡ್ಯಾಂ ಸುರಕ್ಷತಾ ಕಾಯ್ದೆ ಆ ವರ್ಷದ ಡಿಸೆಂಬರ್ 30ರಿಂದ ಜಾರಿಯಲ್ಲಿದೆ. ಮಳೆಗಾಲದ ಮೊದಲು ಮತ್ತು ನಂತರ ತಪಾಸಣೆ, ಅಳತೆಯ ಉಪಕರಣಗಳು, ಸ್ವತಂತ್ರ ತಜ್ಞರಿಂದ ಸಮಗ್ರ ಪರೀಕ್ಷೆ, ಕೆಳಗಿನ ಊರುಗಳಿಗೆ ತುರ್ತು ಕ್ರಿಯಾ ಯೋಜನೆ, ಎಲ್ಲವೂ ಅದರಲ್ಲಿವೆ. ಈಗಿರುವ ಡ್ಯಾಂಗಳ ಮೊದಲ ಸಮಗ್ರ ಪರೀಕ್ಷೆಗೆ ಮತ್ತು ತುರ್ತು ಯೋಜನೆಗೆ ಕೊಟ್ಟ ಗಡುವು ಐದು ವರ್ಷ. ಅಂದರೆ 2026ರ ಡಿಸೆಂಬರ್ ಕೊನೆಗೆ ಮುಗಿಯುತ್ತದೆ. ಕರ್ನಾಟಕದಲ್ಲಿ ದೊಡ್ಡ ಡ್ಯಾಂಗಳೇ ಇನ್ನೂರಕ್ಕೂ ಹೆಚ್ಚಿವೆ.

ಪಕ್ಕದ ಕೇರಳವನ್ನೂ ನೋಡಿ. ಕುರವನ್ ಮತ್ತು ಕುರತ್ತಿ ಎಂಬ ಎರಡು ಬೆಟ್ಟಗಳ ನಡುವೆ ನಿಂತಿರುವ 169 ಮೀಟರ್‌ನ ಇಡುಕ್ಕಿ ನಮ್ಮ ದೇಶದ ಹೆಸರಾಂತ ಕಮಾನು ಡ್ಯಾಂ. ಉದ್ಘಾಟನೆಯಾದದ್ದು 1976ರಲ್ಲಿ, ಐವತ್ತರ ಹೊಸ್ತಿಲು. ಅದರ ಮೇಲ್ಭಾಗದಲ್ಲಿ 1895ರ ಮುಲ್ಲಪೆರಿಯಾರ್. ಅದರ ಬಗ್ಗೆ ಎರಡು ರಾಜ್ಯಗಳು ದಶಕಗಳಿಂದ ಕೋರ್ಟಿನಲ್ಲಿವೆ. ಮೇಲಿನ ಮುದುಕನ ಬಗ್ಗೆ ಇಷ್ಟೊಂದು ಮಾತು, ಕೆಳಗಿನ ಮಧ್ಯವಯಸ್ಕನ ಅಳತೆಗಳ ಬಗ್ಗೆ ಹೆಚ್ಚು ಮಾತಿಲ್ಲ. ಇಬ್ಬರದೂ ಹಣೆಬರಹ ಒಂದೇ ಹೊಳೆಯಲ್ಲಿದೆ.

ಹಾಗಾದರೆ ಕೇಳಬೇಕಾದ್ದೇನು? ದೊಡ್ಡದೇನೂ ಬೇಡ. ನಮ್ಮ ಡ್ಯಾಂಗಳಲ್ಲಿ ಇವತ್ತು ಎಷ್ಟು ಟಿಎಂಸಿ ನೀರಿದೆ, ಒಳಹರಿವೆಷ್ಟು, ಹೊರಹರಿವೆಷ್ಟು ಅಂತ ಮಳೆಗಾಲದಲ್ಲಿ ಪ್ರತಿ ಬೆಳಿಗ್ಗೆ ಮೊಬೈಲಿನಲ್ಲೇ ನೋಡುತ್ತೇವೆ. ಅದೇ ಪಟ್ಟಿಯಲ್ಲಿ ಇನ್ನೊಂದೆರಡು ಸಾಲು ಇರಲಿ. ಇವತ್ತು ಸೋರಿಕೆ ಎಷ್ಟು? ಕೊನೆಯ ಹೊರಗಿನ ತಪಾಸಣೆ ಯಾವಾಗ ಆಯಿತು? ಅವರು ಹೇಳಿದ್ದರಲ್ಲಿ ಎಷ್ಟು ಕೆಲಸ ಮುಗಿದಿದೆ? ತುರ್ತು ಯೋಜನೆ ಕನ್ನಡದಲ್ಲಿ, ಹೊಳೆದಂಡೆಯ ಪ್ರತಿ ಪಂಚಾಯಿತಿಯ ಗೋಡೆಯ ಮೇಲೆ ಇರಲಿ.

ಕೋಲ್ನ್‌ಬ್ರೈನ್ ಕಟ್ಟಿದವರು ತಪ್ಪು ಮಾಡಿದ್ದರು. ಮೊದಲ ರಿಪೇರಿಯಲ್ಲೂ ಸೋತರು. ಆದರೆ ಬಿರುಕನ್ನು ಅಳೆದರು, ಒಪ್ಪಿಕೊಂಡರು, ನೀರು ಇಳಿಸಿ ಮತ್ತೆ ಕೂತು ಲೆಕ್ಕ ಹಾಕಿದರು. ಹದಿನಾರು ವರ್ಷದಲ್ಲಿ ಒಂದು ಹೆಣವೂ ಹೊಳೆಯಲ್ಲಿ ತೇಲಲಿಲ್ಲ. ತುಂಗಭದ್ರೆಯಲ್ಲೂ ಅವತ್ತು ಹೋದದ್ದು ಒಂದು ಗೇಟ್ ಮಾತ್ರ. ಡ್ಯಾಂ ಕೊಟ್ಟ ಎಚ್ಚರಿಕೆ ಅದು. ಡಿಸೆಂಬರಿನ ಗಡುವಿಗೆ ಮೊದಲು ನಿಮ್ಮ ಊರಿನ ಮೇಲಿರುವ ಡ್ಯಾಂನ ತಪಾಸಣಾ ವರದಿ ಎಲ್ಲಿದೆ ಅಂತ ಒಂದು ಆರ್‌ಟಿಐ ಅರ್ಜಿ ಹಾಕಿ. ಹತ್ತು ರೂಪಾಯಿ ಖರ್ಚು ಅಷ್ಟೇ.